ಒಂದೇ ಕಂಬ, ಎರಡು ಸಂಬಳ

ಆಷಾಢದ ಮಳೆ ಹಿಡಿದು ನಾಲ್ಕನೇ ದಿನ. ತೋಟದಾಚೆ ಹಲಸಿನ ಕೊಂಬೆ ಮುರಿದು ಲೈನಿನ ಮೇಲೆ ಬಿದ್ದು, ನಮ್ಮ ಕೇರಿಗೆ ಕರೆಂಟು ಹೋಗಿ ಒಂದೂವರೆ ದಿನವಾಗಿತ್ತು. ಮಧ್ಯಾಹ್ನ ಮೂರರ ಹೊತ್ತಿಗೆ ಒಂದೇ ಬೈಕಿನಲ್ಲಿ ಇಬ್ಬರು ಬಂದರು. ಮುಂದಿನವರಿಗೆ ಐವತ್ತರ ಹತ್ತಿರ ವಯಸ್ಸು. ಹಿಂದೆ ಕೂತಿದ್ದ ಹುಡುಗನ ಹೆಗಲಿಗೆ ಹಗ್ಗ, ಕೈಯಲ್ಲಿ ಉದ್ದನೆಯ ಡಿಸ್ಚಾರ್ಜ್ ರಾಡು. ಜಗಲಿಯಲ್ಲಿ ಕೂತಿದ್ದ ಅಪ್ಪ ಬನ್ನಿ, ಕೂತ್ಕೊಳ್ಳಿ ಅನ್ನುವುದಕ್ಕೂ ಮೊದಲು ಕೇಳಿದ್ದು ಒಂದೇ ಮಾತು: "ಎಲ್‌ಸಿ ತಗೊಂಡಿದ್ದೀರೇನ್ರೋ?"

ಎಲ್‌ಸಿ ಅಂದರೆ ಲೈನ್ ಕ್ಲಿಯರ್. ದುರಸ್ತಿಗೆ ಕೈ ಹಾಕುವ ಮೊದಲು ಸ್ಟೇಷನ್ನಿಗೆ ಹೇಳಿ ಆ ಮಾರ್ಗವನ್ನು ಬಂದ್ ಮಾಡಿಸಿ, ಬಂದ್ ಆಗಿದೆ ಎಂಬ ಖಾತ್ರಿಯನ್ನು ಪುಸ್ತಕದಲ್ಲಿ ಬರೆಸಿಕೊಳ್ಳುವ ಕ್ರಮ. ಅಪ್ಪ ಕೆಇಬಿ ಕಾಲದ ಮಾರ್ಗದಾಳು. ನಿವೃತ್ತರಾಗಿ ಹದಿನಾರು ವರ್ಷ ಕಳೆದರೂ ಕಂಬದ ಬುಡಕ್ಕೆ ಯಾರೇ ಬಂದರೂ ಈ ಪ್ರಶ್ನೆ ತಪ್ಪುವುದಿಲ್ಲ.

ಕೊಂಬೆ ಕಡಿದದ್ದು ಇಬ್ಬರೂ ಸೇರಿ. ಕಂಬ ಹತ್ತಿ ತಂತಿ ಎಳೆದು ಕಟ್ಟಿದ್ದು ಹುಡುಗ. ಕೆಳಗೆ ನಿಂತು ಹಗ್ಗ ಹಿಡಿದು, "ಎಡಗಾಲು ಕೆಳಗಿಡು, ಅವಸರ ಬೇಡ" ಎಂದು ಹೇಳಿಕೊಡುತ್ತಿದ್ದವರು ಹಿರಿಯರು. ಕೆಲಸ ಮುಗಿದ ಮೇಲೆ ಕಾಫಿ ಕುಡಿಯುತ್ತ ಮಾತು ಸಂಬಳಕ್ಕೆ ಬಂತು. ಹಿರಿಯರು ಕಾಯಂ ನೌಕರರು. ಹುಡುಗ ಏಜೆನ್ಸಿ ಮೂಲಕ ಬಂದ ಹೊರಗುತ್ತಿಗೆಯವನು. ಕೈಗೆ ಬರುವ ಹಣದಲ್ಲಿ ಒಬ್ಬರಿಗೂ ಇನ್ನೊಬ್ಬರಿಗೂ ಮೂರು ಪಟ್ಟಿಗಿಂತ ಹೆಚ್ಚು ವ್ಯತ್ಯಾಸ. ನಾನು ಲೆಕ್ಕಪತ್ರ ಓದಿದವಳು, ಪಟ್ಟಣದ ಒಂದು ಸಹಕಾರ ಸಂಘದಲ್ಲಿ ಖಾತೆ ಬರೆಯುವವಳು. ಇಬ್ಬರ ಪೇ ಸ್ಲಿಪ್ಪನ್ನೂ ನೋಡಬೇಕು ಎಂದೆ. ಹಿರಿಯರು ಮೊಬೈಲಿನಲ್ಲೇ ತೋರಿಸಿದರು. ಹುಡುಗ ಹೇಳಿದ, "ನಂಗೆ ಸ್ಲಿಪ್ ಅಂತ ಕೊಡೋದಿಲ್ಲ ಅಕ್ಕ, ಬ್ಯಾಂಕಿಗೆ ದುಡ್ಡು ಬೀಳ್ತದೆ ಅಷ್ಟೇ."

ಈ ಬರಹ ಹುಟ್ಟಿದ್ದು ಆ ಮಾತಿನಿಂದ. ನಮ್ಮ ರಾಜ್ಯದಲ್ಲಿ ಕರೆಂಟು ಕೊಡುವ ಕೈಗಳಿಗೆ ಸಂಬಳ ಎಲ್ಲಿ ನಿಗದಿಯಾಗುತ್ತದೆ, ಹೇಗೆ ಕಟ್ಟಲ್ಪಡುತ್ತದೆ, ಯಾರ ಜೇಬಿನಿಂದ ಬರುತ್ತದೆ ಎಂಬುದನ್ನು ತಿಳಿದಷ್ಟು ಬಿಡಿಸಿ ಹೇಳುತ್ತೇನೆ. ಈ ಕೆಲಸದಲ್ಲಿರುವವರಿಗೂ, ಮನೆಯಲ್ಲಿ ಅಂಥವರಿರುವವರಿಗೂ, ತಿಂಗಳ ಬಿಲ್ಲು ಕಟ್ಟುವ ಎಲ್ಲರಿಗೂ ಇದು ಬೇಕಾದ ಲೆಕ್ಕ.

ಕಾಯಂ ನೌಕರನ ಸಂಬಳ

ಊರಿನವರು ಇವತ್ತಿಗೂ ಕೆಇಬಿ ಎಂದೇ ಕರೆಯುವ ಕರ್ನಾಟಕ ವಿದ್ಯುತ್ ಮಂಡಳಿ 1957ರಲ್ಲಿ ಹುಟ್ಟಿತು. 1999ರಲ್ಲಿ ಅದು ಕೆಪಿಟಿಸಿಎಲ್ ಆಯಿತು. 2002ರ ಜೂನ್ 1ರಿಂದ ಮನೆ ಮನೆಗೆ ವಿದ್ಯುತ್ ಹಂಚುವ ಕೆಲಸ ಬೆಸ್ಕಾಂ, ಮೆಸ್ಕಾಂ, ಹೆಸ್ಕಾಂ, ಜೆಸ್ಕಾಂಗಳಿಗೆ ಹೋಯಿತು. ಮೈಸೂರು ಭಾಗಕ್ಕೆ ಪ್ರತ್ಯೇಕ ಕಂಪನಿ ಆಮೇಲೆ ಬಂತು. ಹೆಸರು ಎಷ್ಟಾದರೂ ನೌಕರರ ವೇತನ ಶ್ರೇಣಿ ಮಾತ್ರ ಎಲ್ಲ ಕಂಪನಿಗಳಿಗೂ ಒಂದೇ. ಬೀದರಿನ ಪವರ್‌ಮ್ಯಾನಿಗೂ ಚಾಮರಾಜನಗರದ ಪವರ್‌ಮ್ಯಾನಿಗೂ ಮೂಲ ವೇತನದಲ್ಲಿ ವ್ಯತ್ಯಾಸವಿಲ್ಲ. ಕಿರಿಯ ಮಾರ್ಗದಾಳು ಎಂಬ ಹಳೆಯ ಹೆಸರು ಈಗ ಕಿರಿಯ ಪವರ್‌ಮ್ಯಾನ್ ಎಂದಾಗಿದೆ. ನನ್ನ ಕಿವಿಗೆ ಇನ್ನೂ ಹಿತವಾಗಿ ಕೇಳುವುದು ಮಾರ್ಗದಾಳು ಅನ್ನುವುದೇ.

ಈ ಕೆಲಸಕ್ಕೆ ಸೇರುವ ಬಾಗಿಲು ಹೇಗಿದೆ ಎಂಬುದಕ್ಕೆ 2024ರ ಅಕ್ಟೋಬರಿನಲ್ಲಿ ಹೊರಟ ನೇಮಕಾತಿ ಪ್ರಕಟಣೆಯನ್ನೇ ತೆಗೆದುಕೊಳ್ಳಿ. ಒಟ್ಟು 2,975 ಹುದ್ದೆ. ಅದರಲ್ಲಿ 2,542 ಕಿರಿಯ ಪವರ್‌ಮ್ಯಾನ್, 433 ಕಿರಿಯ ಸ್ಟೇಷನ್ ಪರಿಚಾರಕ. ಓದು ಎಸ್‌ಎಸ್‌ಎಲ್‌ಸಿ. ಆದರೆ ಅಂಕಪಟ್ಟಿಯೊಂದರಿಂದಲೇ ಒಳಗೆ ಹೋಗುವಂತಿಲ್ಲ. ಎಂಟು ಮೀಟರ್ ಎತ್ತರದ ಕಂಬ ಹತ್ತಿ ತೋರಿಸಬೇಕು. ನೂರು ಮೀಟರ್ ಓಟ 14 ಸೆಕೆಂಡಿನಲ್ಲಿ, ಎಂಟುನೂರು ಮೀಟರ್ ಓಟ ಮೂರು ನಿಮಿಷದಲ್ಲಿ, ಹಗ್ಗದಾಟ ನಿಮಿಷಕ್ಕೆ ಐವತ್ತು, ಗುಂಡು ಎಸೆತ ಎಂಟು ಮೀಟರ್. ಈ ಪರೀಕ್ಷೆಗಾಗಿ ಹಳ್ಳಿಯ ಹುಡುಗರು ಬೆಳಗಿನ ಜಾವ ಶಾಲೆಯ ಮೈದಾನದಲ್ಲಿ ಒಣ ಕಂಬ ನೆಟ್ಟು ಅಭ್ಯಾಸ ಮಾಡುವುದನ್ನು ನಾನೇ ನೋಡಿದ್ದೇನೆ.

ಆಯ್ಕೆಯಾದ ಕೂಡಲೇ ಪೂರ್ಣ ಸಂಬಳ ಬರುವುದಿಲ್ಲ. ಮೊದಲ ಮೂರು ವರ್ಷ ತರಬೇತಿಯ ಅವಧಿ. ಆಗ ಸಿಗುವುದು ಕ್ರೋಡೀಕೃತ ಸಂಭಾವನೆ: ಮೊದಲ ವರ್ಷ ತಿಂಗಳಿಗೆ 17,000 ರೂಪಾಯಿ, ಎರಡನೇ ವರ್ಷ 19,000, ಮೂರನೇ ವರ್ಷ 21,000. ಮೂರು ವರ್ಷಕ್ಕೆ ಒಟ್ಟು 6,84,000 ರೂಪಾಯಿ. ಅದು ಮುಗಿದ ಮೇಲೆ 28,550ರಿಂದ 63,000ದವರೆಗಿನ ವೇತನ ಶ್ರೇಣಿಗೆ ನೌಕರ ಏರುತ್ತಾನೆ. ಮದುವೆಗೆ ಹೆಣ್ಣು ನೋಡುವವರು "ಹುಡುಗನಿಗೆ ಕೆಇಬಿ ಕೆಲಸ" ಎಂದು ಕೇಳಿ ಸಂಬಳದ ಅಂದಾಜು ಹಾಕುವಾಗ ಈ ಮೂರು ವರ್ಷ ಅವರ ಲೆಕ್ಕದಲ್ಲಿ ಇರುವುದಿಲ್ಲ. ಹುಡುಗನೇ ಮನೆಯವರಿಗೆ ಮೊದಲು ಹೇಳಿಬಿಡುವುದು ಒಳ್ಳೆಯದು.

28,550 ಎಂಬುದು ಮೂಲ ವೇತನ. ಅದರ ಮೇಲೆ ತುಟ್ಟಿಭತ್ಯೆ ಬರುತ್ತದೆ. ಜನವರಿ ಮತ್ತು ಜುಲೈ ಲೆಕ್ಕದಲ್ಲಿ ವರ್ಷಕ್ಕೆ ಎರಡು ಸಲ ಏರುವ, ಬೆಲೆ ಏರಿಕೆಯ ಹಿಂದೆ ಓಡುವ ಭತ್ಯೆ ಅದು. ಮನೆ ಬಾಡಿಗೆ ಭತ್ಯೆ ಊರಿನ ದರ್ಜೆಗೆ ತಕ್ಕಂತೆ. ಬೆಂಗಳೂರಿನಲ್ಲಿ ಇರುವವನಿಗೆ ಜಾಸ್ತಿ, ಹೋಬಳಿಯಲ್ಲಿ ಇರುವವನಿಗೆ ಕಡಿಮೆ. ಇವೆಲ್ಲ ಸೇರಿದ್ದು ಒಟ್ಟು ಸಂಬಳ. ಕಡಿತದ ಕಡೆ ಬಂದರೆ, 2006ರ ಏಪ್ರಿಲ್ ನಂತರ ಸೇರಿದವರಿಗೆ ಮೂಲ ವೇತನ ಮತ್ತು ತುಟ್ಟಿಭತ್ಯೆ ಸೇರಿಸಿ ಅದರ ಶೇ 10ರಷ್ಟು ಹೊಸ ಪಿಂಚಣಿ ಯೋಜನೆಗೆ ಹೋಗುತ್ತದೆ. ತಿಂಗಳ ಸಂಬಳ 25,000 ಮತ್ತು ಅದಕ್ಕಿಂತ ಹೆಚ್ಚಿದ್ದರೆ ವೃತ್ತಿ ತೆರಿಗೆ 200 ರೂಪಾಯಿ, ಫೆಬ್ರವರಿಯಲ್ಲಿ ಮಾತ್ರ 300. ಉಳಿದದ್ದು ವಿಮೆ, ಸಹಕಾರ ಸಂಘದ ಸಾಲದ ಕಂತು, ಎಲ್‌ಐಸಿ. ಹಿರಿಯರ ಸ್ಲಿಪ್ಪಿನಲ್ಲಿ ಅತಿ ದೊಡ್ಡ ಕಡಿತ ಸೊಸೈಟಿ ಸಾಲದ್ದೇ. ಮಗಳ ಎಂಜಿನಿಯರಿಂಗ್ ಓದಿಗೆ ತೆಗೆದದ್ದಂತೆ.

ವೇತನ ಪರಿಷ್ಕರಣೆ ಎಂಬುದು ಐದು ವರ್ಷಕ್ಕೊಮ್ಮೆ ಬರುವ ದೊಡ್ಡ ಹಬ್ಬ. ರಾಜ್ಯ ಸರ್ಕಾರದ ನೌಕರರಿಗೆ ವೇತನ ಆಯೋಗ ಕೂರುತ್ತದೆ. ವಿದ್ಯುತ್ ನೌಕರರದು ಬೇರೆ ದಾರಿ. ಅವರ ಸಂಘ ಆಡಳಿತದ ಜೊತೆ ಮಾತುಕತೆಗೆ ಕೂರುತ್ತದೆ, ಕಂಪನಿಯ ಮಂಡಳಿ ಒಪ್ಪಬೇಕು, ಸರ್ಕಾರ ಒಪ್ಪಿಗೆ ಕೊಡಬೇಕು. 2022ರ ಏಪ್ರಿಲ್ 1ರಿಂದ ಸಿಗಬೇಕಿದ್ದ ಪರಿಷ್ಕರಣೆ ಸುಮಾರು ಒಂದು ವರ್ಷ ಎಳೆಯಿತು. 2023ರ ಮಾರ್ಚ್ 16ರಿಂದ ಮುಷ್ಕರ ಎಂದು ನೌಕರರ ಸಂಘ ಘೋಷಿಸಿದ ಮೇಲೆ, ವಿಧಾನಸಭಾ ಚುನಾವಣೆ ಹೊಸ್ತಿಲಲ್ಲಿದ್ದಾಗ, ಶೇ 20ರ ಹೆಚ್ಚಳಕ್ಕೆ ಸರ್ಕಾರ ಒಪ್ಪಿತು. ತಡವಾದ ತಿಂಗಳುಗಳ ಹಣ ಬಾಕಿಯಾಗಿ ಆಮೇಲೆ ಬರುತ್ತದೆ. ಐದು ವರ್ಷದ ಲೆಕ್ಕ ಹಿಡಿದರೆ ಮುಂದಿನ ಪರಿಷ್ಕರಣೆಯ ಸಮಯ 2027ರ ಏಪ್ರಿಲ್.

ಪತ್ರಿಕೆಯಲ್ಲಿ ಇಂಥ ಶೇಕಡಾವಾರು ಅಂಕಿ ಓದುವಾಗ ಒಂದು ಎಚ್ಚರ ಬೇಕು. ರಾಜ್ಯ ಸರ್ಕಾರಿ ನೌಕರರ ಏಳನೇ ವೇತನ ಆಯೋಗದ ಉದಾಹರಣೆಯಿಂದ ಇದು ಚೆನ್ನಾಗಿ ತಿಳಿಯುತ್ತದೆ. 2024ರ ಆಗಸ್ಟ್ 1ರಿಂದ ಜಾರಿಯಾದ ಆ ಪರಿಷ್ಕರಣೆಯಲ್ಲಿ ಕನಿಷ್ಠ ಮೂಲ ವೇತನ 17,000ದಿಂದ 27,000ಕ್ಕೆ ಏರಿತು. ಹೆಚ್ಚಳ ಶೇ 58.5 ಎಂದು ಸುದ್ದಿಯಾಯಿತು. ಆದರೆ ಅದರಲ್ಲಿ ಶೇ 31 ಆಗಲೇ ತುಟ್ಟಿಭತ್ಯೆಯಾಗಿ ಲೆಕ್ಕಕ್ಕೆ ಬಂದಿದ್ದ ಹಣ. ಅದನ್ನು ಮೂಲ ವೇತನದೊಳಗೆ ಮಡಚಿ ಹಾಕಿದರು, ಅಷ್ಟೇ. 17,000ಕ್ಕೆ ಶೇ 31 ಸೇರಿಸಿದರೆ 22,270. ಅಲ್ಲಿಂದ 27,000ಕ್ಕೆ ಹೋದದ್ದು ನಿಜವಾದ ಏರಿಕೆ, ಅಂದರೆ 4,730 ರೂಪಾಯಿ. ಹತ್ತು ಸಾವಿರ ಜಾಸ್ತಿಯಾಯಿತು ಎಂದು ಹೊರಗಿನವರು ಹುಬ್ಬೇರಿಸಿದ್ದಕ್ಕೆ ನೌಕರನ ಮನೆಯಲ್ಲಿ ಅಷ್ಟು ಸಂಭ್ರಮ ಕಾಣದಿದ್ದುದು ಇದಕ್ಕೇ. ಹೀಗೆ ಮಡಚುವುದರಲ್ಲಿ ಲಾಭವೂ ಇದೆ. ಬಾಡಿಗೆ ಭತ್ಯೆ, ವಾರ್ಷಿಕ ಇನ್‌ಕ್ರಿಮೆಂಟು, ನಿವೃತ್ತಿಯ ಹಣ ಎಲ್ಲಕ್ಕೂ ಅಡಿಪಾಯ ಮೂಲ ವೇತನವೇ ಆದ್ದರಿಂದ ಅದು ಏರಿದರೆ ಎಲ್ಲವೂ ಏರುತ್ತದೆ.

ನಿಮ್ಮ ಬಿಲ್ಲಿನಲ್ಲಿ ಅವರ ಸಂಬಳ

ಈ ಹಣವೆಲ್ಲ ಬರುವುದು ಎಲ್ಲಿಂದ? ಬಹುಪಾಲು ನಾವು ಕಟ್ಟುವ ಬಿಲ್ಲಿನಿಂದ ಮತ್ತು ಸರ್ಕಾರ ನಮ್ಮ ಪರವಾಗಿ ಕಟ್ಟುವ ಸಹಾಯಧನದಿಂದ. ಆದರೆ ಕಂಪನಿ ತನಗೆ ತೋಚಿದಷ್ಟು ಸಂಬಳ ಕೊಟ್ಟು ಬಿಲ್ಲಿಗೆ ಸೇರಿಸುವಂತಿಲ್ಲ. ನಡುವೆ ಕರ್ನಾಟಕ ವಿದ್ಯುಚ್ಛಕ್ತಿ ನಿಯಂತ್ರಣ ಆಯೋಗ ಇದೆ. ಪ್ರತಿ ಕಂಪನಿಯೂ ಮುಂದಿನ ವರ್ಷಕ್ಕೆ ಇಷ್ಟು ಖರ್ಚು ಇದೆ, ಅದಕ್ಕೆ ಇಷ್ಟು ದರ ಬೇಕು ಎಂಬ ಅರ್ಜಿಯನ್ನು ನವೆಂಬರ್ ಕೊನೆಯೊಳಗೆ ಆಯೋಗದ ಮುಂದೆ ಇಡುತ್ತದೆ. ಪತ್ರಿಕೆಯಲ್ಲಿ ಪ್ರಕಟಣೆ ಬರುತ್ತದೆ. ಆಕ್ಷೇಪಣೆ ಸಲ್ಲಿಸಲು ಕಾಲಾವಕಾಶ ಇರುತ್ತದೆ. ಆಮೇಲೆ ಸಾರ್ವಜನಿಕ ವಿಚಾರಣೆ.

ಆ ಅರ್ಜಿಯಲ್ಲಿ ಅತಿ ದೊಡ್ಡ ಪಾಲು ವಿದ್ಯುತ್ ಖರೀದಿಯದು. ನೌಕರರ ವೆಚ್ಚ ಅದರ ಮುಂದೆ ಸಣ್ಣದು. ಸಂಬಳದಿಂದಲೇ ಕರೆಂಟು ದುಬಾರಿಯಾಯಿತು ಎನ್ನುವವರು ಒಮ್ಮೆ ಆಯೋಗದ ಆದೇಶದ ಕೋಷ್ಟಕಗಳನ್ನು ತೆರೆದು ನೋಡಬೇಕು. ನೌಕರರ ವೆಚ್ಚ, ದುರಸ್ತಿ, ಆಡಳಿತ ಖರ್ಚು ಈ ಮೂರನ್ನೂ ಆಯೋಗ ಒಂದು ಗಂಟಾಗಿ ನೋಡುತ್ತದೆ. ವರ್ಷದಿಂದ ವರ್ಷಕ್ಕೆ ಎಷ್ಟು ಏರಿಸಬಹುದು ಎಂಬುದಕ್ಕೆ ಒಂದು ಸೂತ್ರ ಇಟ್ಟುಕೊಂಡು ಬಂದಿದೆ: ಗ್ರಾಹಕ ಬೆಲೆ ಸೂಚ್ಯಂಕಕ್ಕೆ 80ರ ತೂಕ, ಸಗಟು ಬೆಲೆ ಸೂಚ್ಯಂಕಕ್ಕೆ 20ರ ತೂಕ ಕೊಟ್ಟು ಬರುವ ಹಣದುಬ್ಬರ, ಜೊತೆಗೆ ಗ್ರಾಹಕರ ಸಂಖ್ಯೆಯಲ್ಲಾದ ಬೆಳವಣಿಗೆ. ಕಂಪನಿ ಇದಕ್ಕಿಂತ ಜಾಸ್ತಿ ಖರ್ಚು ಮಾಡಿದರೆ ಅದರ ಹೊರೆ ಕಂಪನಿಯದೇ. ವೇತನ ಪರಿಷ್ಕರಣೆ ಮತ್ತು ಪಿಂಚಣಿ ವಂತಿಗೆಯನ್ನು ಮಾತ್ರ ಕಂಪನಿಯ ಹಿಡಿತಕ್ಕೆ ಸಿಗದ ಖರ್ಚು ಎಂದು ಪ್ರತ್ಯೇಕವಾಗಿ ಪರಿಗಣಿಸುತ್ತಾರೆ.

ಪಿಂಚಣಿ ಎಂದಾಗ ನಾನು ನಮ್ಮ ಮನೆಯ ವಿಷಯವನ್ನೇ ಹೇಳಬೇಕು. 2025ರ ಏಪ್ರಿಲ್ ನಂತರದ ನಿಮ್ಮ ಬಿಲ್ಲಿನಲ್ಲಿ ಪಿಂಚಣಿ ಮತ್ತು ಗ್ರಾಚ್ಯುಟಿ ಸರ್‌ಚಾರ್ಜ್ ಎಂಬ ಸಾಲನ್ನು ನೋಡಿರುತ್ತೀರಿ. 2025-26ಕ್ಕೆ ಯೂನಿಟ್ಟಿಗೆ 36 ಪೈಸೆ, 2026-27ಕ್ಕೆ 35, 2027-28ಕ್ಕೆ 34 ಪೈಸೆ ಎಂದು ಆಯೋಗ ನಿಗದಿ ಮಾಡಿತು. ತಿಂಗಳಿಗೆ 120 ಯೂನಿಟ್ ಉರಿಸುವ ಮನೆಗೆ 36 ಪೈಸೆಯ ಲೆಕ್ಕದಲ್ಲಿ 43 ರೂಪಾಯಿ 20 ಪೈಸೆ. ಕೆಇಬಿ ಕಾಲದಲ್ಲಿ ಸೇರಿದವರ ಪಿಂಚಣಿಗಾಗಿ ಮಂಡಳಿ ಒಡೆದು ಕಂಪನಿಗಳಾದಾಗ ಒಂದು ಟ್ರಸ್ಟ್ ಮಾಡಿದರು. ಅದಕ್ಕೆ ಸರ್ಕಾರವೂ ಕಂಪನಿಗಳೂ ಹಣ ಹಾಕಬೇಕು ಎಂಬ ಏರ್ಪಾಡಾಗಿತ್ತು. ಯಾರ ಪಾಲು ಎಷ್ಟು ಎಂಬ ಜಗ್ಗಾಟ ವರ್ಷಗಟ್ಟಲೆ ನಡೆಯಿತು. ಕೊನೆಗೆ ಅದು ಬಂದು ನಿಂತದ್ದು ಗ್ರಾಹಕನ ಬಿಲ್ಲಿನಲ್ಲಿ.

ಈ ಸಾಲು ಬಂದ ತಿಂಗಳು ನಮ್ಮ ಕೇರಿಯಲ್ಲಿ ಒಬ್ಬರು ಅಪ್ಪನ ಎದುರೇ, "ನಿಮ್ಮ ಪೆನ್ಶನ್ನಿಗೆ ನಾವ್ಯಾಕೆ ಕಟ್ಟಬೇಕು ಮಾರಾಯ್ರೆ?" ಎಂದು ಕೇಳಿದರು. ಅಪ್ಪ ಏನೂ ಹೇಳಲಿಲ್ಲ. ನನಗೆ ಅನ್ನಿಸುವುದು ಇಷ್ಟು. ಪಿಂಚಣಿ ಎಂಬುದು ಅವರು ಕಂಬದ ಮೇಲಿದ್ದ ವರ್ಷಗಳಲ್ಲೇ ದುಡಿದ, ಆಗ ಕೈಗೆ ಕೊಡದೆ ಮುಂದಕ್ಕೆ ಇಟ್ಟ ಸಂಬಳ. ಅದನ್ನು ಆಗಲೇ ಒಂದು ನಿಧಿಯಲ್ಲಿ ಕೂಡಿಟ್ಟಿದ್ದರೆ ಇವತ್ತು ಈ ಸಾಲು ಬಿಲ್ಲಿನಲ್ಲಿ ಇರುತ್ತಿರಲಿಲ್ಲ. ಕೂಡಿಡದಿದ್ದ ತಪ್ಪು ನೌಕರನದಲ್ಲ. ಹಾಗೆಯೇ, ಕೇಳಿದ ನೆರೆಯವರ ಪ್ರಶ್ನೆಯಲ್ಲೂ ತಪ್ಪಿಲ್ಲ. ಅದನ್ನು ಕೇಳಬೇಕಾದ ಜಾಗ ಸಾರ್ವಜನಿಕ ವಿಚಾರಣೆ.

ಟೆಂಡರಿನಲ್ಲಿ ಹುಟ್ಟುವ ಸಂಬಳ

ಈಗ ಹುಡುಗನ ಕಡೆಗೆ ಬರೋಣ. ಅವನ ಸಂಬಳಕ್ಕೆ ವೇತನ ಶ್ರೇಣಿಯಿಲ್ಲ, ಐದು ವರ್ಷದ ಒಪ್ಪಂದವಿಲ್ಲ, ಅವನ ಪರವಾಗಿ ಮಾತುಕತೆಗೆ ಕೂರುವ ಸಂಘವಿಲ್ಲ. ಅದು ಹುಟ್ಟುವುದು ಟೆಂಡರಿನ ಕಾಗದದಲ್ಲಿ. ಇಂತಿಷ್ಟು ಜನ ಬೇಕು ಎಂದು ಕರೆಯುತ್ತಾರೆ, ಏಜೆನ್ಸಿಗಳು ದರ ಹಾಕುತ್ತವೆ. ಕಾರ್ಮಿಕ ಇಲಾಖೆ ಪ್ರಕಟಿಸುವ ಕನಿಷ್ಠ ವೇತನಕ್ಕಿಂತ ಕೆಳಗೆ ಹೋಗುವಂತಿಲ್ಲ. ಆದ್ದರಿಂದ ಬಹಳ ಕಡೆ ಕನಿಷ್ಠ ವೇತನವೇ ಗರಿಷ್ಠ ವೇತನ ಆಗಿಬಿಡುತ್ತದೆ. ಹತ್ತು ವರ್ಷ ಕಂಬ ಹತ್ತಿದವನಿಗೂ ನಿನ್ನೆ ಬಂದವನಿಗೂ ಒಂದೇ ದರ. ಅನುಭವಕ್ಕೆ ಬೆಲೆ ಕಟ್ಟುವ ಕಲಮು ಆ ಕಾಗದದಲ್ಲಿ ಇರುವುದಿಲ್ಲ. ಕಂಬದ ಕೆಲಸದಲ್ಲಿ ಜೀವ ಉಳಿಸುವುದೇ ಅನುಭವ ಎಂದು ತಿಳಿದ ಮನೆಯಲ್ಲಿ ಬೆಳೆದ ನನಗೆ ಈ ಇಡೀ ವ್ಯವಸ್ಥೆಯಲ್ಲಿ ಅತಿ ನೋವಾಗುವ ಸಂಗತಿ ಇದು.

ಲೆಕ್ಕ ಬಿಡಿಸಲು ಒಂದು ಅಂಕಿ ಇಟ್ಟುಕೊಳ್ಳೋಣ. ತಿಂಗಳ ವೇತನ 18,000 ಅಂದುಕೊಳ್ಳಿ. ಭವಿಷ್ಯ ನಿಧಿಗೆ, ಅಂದರೆ ಪಿಎಫ್‌ಗೆ, 15,000ದ ಮಿತಿಯ ಮೇಲೆ ಮಾಲೀಕನ ಪಾಲು ಶೇ 12. ಅದಕ್ಕೆ ವಿಮೆ ಮತ್ತು ಆಡಳಿತ ಶುಲ್ಕ ತಲಾ ಶೇ 0.5 ಸೇರಿದರೆ ಶೇ 13, ಅಂದರೆ 1,950 ರೂಪಾಯಿ. ಇಎಸ್‌ಐಗೆ, ಅಂದರೆ ಕಾರ್ಮಿಕರ ರಾಜ್ಯ ವಿಮೆಗೆ, ಮಾಲೀಕನ ಪಾಲು ಶೇ 3.25, ಅಂದರೆ 585. ಇಲ್ಲಿಗೆ 20,535. ಏಜೆನ್ಸಿಯ ಸೇವಾ ಶುಲ್ಕ ಶೇ 5 ಎಂದಿಟ್ಟರೆ 1,027. ಒಟ್ಟು ಮೊತ್ತದ ಮೇಲೆ ಶೇ 18 ಜಿಎಸ್‌ಟಿ, 3,881. ಎಲ್ಲ ಕೂಡಿದರೆ ಒಬ್ಬ ಹುಡುಗನಿಗಾಗಿ ಕಂಪನಿ ತಿಂಗಳಿಗೆ ತೆರುವುದು ಸುಮಾರು 25,443 ರೂಪಾಯಿ.

ಅವನ ಕೈಗೆ ಎಷ್ಟು? 18,000ದಲ್ಲಿ ಅವನ ಪಾಲಿನ ಪಿಎಫ್ 1,800, ಇಎಸ್‌ಐ ಶೇ 0.75ರಂತೆ 135 ಕಳೆದರೆ 16,065. ಎರಡರ ನಡುವೆ 9,378 ರೂಪಾಯಿಯ ಅಂತರ. ಇದೆಲ್ಲ ಏಜೆನ್ಸಿಯವರು ನುಂಗಿದ್ದು ಎಂದು ಕೋಪ ಮಾಡಿಕೊಳ್ಳುವುದು ಸರಿಯಲ್ಲ. ಅದರಲ್ಲಿ 4,470 ಎರಡೂ ಕಡೆಯ ಪಿಎಫ್ ಮತ್ತು ಇಎಸ್‌ಐ, ಅದು ಬಹುಪಾಲು ಹುಡುಗನದೇ. ಉಳಿದ 4,908ರಲ್ಲಿ ದೊಡ್ಡದು ತೆರಿಗೆ, ಚಿಕ್ಕದು ಸೇವಾ ಶುಲ್ಕ. ಆದರೆ ಆ 4,470 ನಿಜಕ್ಕೂ ಅವನ ಹೆಸರಿಗೆ ಜಮೆಯಾಗಿದೆಯೇ ಎಂಬುದು ಬೇರೆ ಪ್ರಶ್ನೆ. ಅದನ್ನು ನೋಡಬೇಕಾದವನು ಅವನೇ.

ಆ ಸಂಜೆ ನಾವು ನೋಡಿದೆವು. ಉಮಂಗ್ ಆಪ್ ಹಾಕಿಕೊಂಡು, ಪಿಎಫ್ ಖಾತೆಯ ಯುಎಎನ್ ಸಂಖ್ಯೆ ಹುಡುಕಿ, ಪಾಸ್‌ಬುಕ್ ತೆರೆಯುವಷ್ಟರಲ್ಲಿ ಎರಡನೇ ಸುತ್ತಿನ ಕಾಫಿಯೂ ಆಗಿತ್ತು. ತಿಂಗಳ ಪಟ್ಟಿಯ ಮೇಲೆ ಬೆರಳಾಡಿಸುತ್ತ ಹೋದ ಹುಡುಗ ಒಂದು ಕಡೆ ನಿಲ್ಲಿಸಿದ. ಹಿಂದಿನ ಏಜೆನ್ಸಿ ಬದಲಾದ ಹೊತ್ತಿನ ಮೂರು ತಿಂಗಳು ಅಲ್ಲಿ ಇರಲೇ ಇಲ್ಲ. ಆ ಮೂರು ತಿಂಗಳೂ ಕೆಲಸ ಮಾಡಿದ್ದ, ಸಂಬಳದಲ್ಲಿ ಪಿಎಫ್ ಹಿಡಿದಿದ್ದರು. ಜಮೆಯಾಗಿಲ್ಲ. "ಆ ತಿಂಗಳು ಬಂದದ್ದೂ ಎಂದಿನಷ್ಟೇ ಇತ್ತಲ್ಲ ಅಕ್ಕ, ಅದಕ್ಕೇ ಗೊತ್ತೇ ಆಗಲಿಲ್ಲ" ಎಂದ.

ಹೊರಗುತ್ತಿಗೆಯ ನೌಕರ ತಿಳಿದಿರಬೇಕಾದ ಮುಖ್ಯ ಮಾತು ಇದು: ಏಜೆನ್ಸಿ ಸಂಬಳವನ್ನೋ ಪಿಎಫ್ಫನ್ನೋ ಕೊಡದೆ ಬಿಟ್ಟರೆ ಕಾನೂನು ಅಲ್ಲಿಗೇ ನಿಲ್ಲುವುದಿಲ್ಲ. ಕೆಲಸ ಮಾಡಿಸಿಕೊಂಡ ಕಂಪನಿ ಕಾನೂನಿನ ಕಣ್ಣಿನಲ್ಲಿ ಪ್ರಧಾನ ಮಾಲೀಕ. ಗುತ್ತಿಗೆದಾರ ಕೊಡದ ವೇತನವನ್ನು ಪ್ರಧಾನ ಮಾಲೀಕ ಕೊಟ್ಟು, ಆಮೇಲೆ ಗುತ್ತಿಗೆದಾರನ ಬಿಲ್ಲಿನಿಂದ ಮುರಿದುಕೊಳ್ಳಬೇಕು. 1970ರ ಗುತ್ತಿಗೆ ಕಾರ್ಮಿಕ ಕಾಯ್ದೆಯಲ್ಲೂ ಇದು ಇತ್ತು, 2025ರ ನವೆಂಬರ್ 21ರಿಂದ ಜಾರಿಗೆ ಬಂದ ಕಾರ್ಮಿಕ ಸಂಹಿತೆಗಳಲ್ಲೂ ಇದೆ. ತಿಂಗಳ ಸಂಬಳ ಮುಂದಿನ ತಿಂಗಳ 7ನೇ ತಾರೀಖಿನೊಳಗೆ ಬರಬೇಕು. ಹೆಚ್ಚುವರಿ ಗಂಟೆಗಳ ದುಡಿಮೆಗೆ ಎರಡು ಪಟ್ಟು ದರ. ಹೊಸ ಸಂಹಿತೆಯಲ್ಲಿ ಬಂದ ಒಂದು ಒಳ್ಳೆಯ ಬದಲಾವಣೆಯೆಂದರೆ, ಭತ್ಯೆಗಳು ಒಟ್ಟು ಸಂಬಳದ ಅರ್ಧಕ್ಕಿಂತ ಹೆಚ್ಚಾದರೆ ಮಿಕ್ಕಿದ ಭಾಗವನ್ನೂ ವೇತನ ಎಂದೇ ಲೆಕ್ಕ ಹಿಡಿಯಬೇಕು. ಮೂಲ ವೇತನವನ್ನು ಚಿಕ್ಕದು ಮಾಡಿ ಉಳಿದದ್ದನ್ನು ಆ ಭತ್ಯೆ ಈ ಭತ್ಯೆ ಎಂದು ಒಡೆದು ಪಿಎಫ್ ಉಳಿಸುವ ಜಾಣತನಕ್ಕೆ ಇದರಿಂದ ಕಡಿವಾಣ ಬಿದ್ದಿದೆ.

ಕಾಯಂ ಮಾಡಿ ಎಂದು ಕೇಳಿದರೆ? ಇಲ್ಲಿ ನಮ್ಮ ರಾಜ್ಯದಿಂದಲೇ ಹೋದ ಒಂದು ಮೊಕದ್ದಮೆ ದೇಶಕ್ಕೆಲ್ಲ ಗೆರೆ ಎಳೆಯಿತು. ಕರ್ನಾಟಕ ಸರ್ಕಾರ ಮತ್ತು ಉಮಾದೇವಿ ನಡುವಿನ ಪ್ರಕರಣದಲ್ಲಿ 2006ರ ಏಪ್ರಿಲ್ 10ರಂದು ಸುಪ್ರೀಂ ಕೋರ್ಟ್, ನೇಮಕಾತಿಯ ಕ್ರಮ ತಪ್ಪಿಸಿ ಬಂದವರನ್ನು ಸುಮ್ಮನೆ ಕಾಯಂ ಮಾಡುವಂತಿಲ್ಲ ಎಂದಿತು. 2016ರ ಅಕ್ಟೋಬರಿನಲ್ಲಿ, ಪಂಜಾಬ್ ಸರ್ಕಾರ ಮತ್ತು ಜಗಜಿತ್ ಸಿಂಗ್ ಪ್ರಕರಣದಲ್ಲಿ, ಅದೇ ಕೋರ್ಟು ತಾತ್ಕಾಲಿಕ ನೌಕರರಿಗೂ ಸಮಾನ ಕೆಲಸಕ್ಕೆ ಸಮಾನ ವೇತನ ಸಲ್ಲಬೇಕು ಎಂದಿತು. ಸರ್ಕಾರವೇ ನೇರ ನೇಮಿಸಿಕೊಂಡ ತಾತ್ಕಾಲಿಕ ನೌಕರನಿಗೆ ಈ ಎರಡನೇ ತೀರ್ಪು ಆಸರೆ. ಏಜೆನ್ಸಿ ಮೂಲಕ ಬಂದವನಿಗೆ ಅದು ಸುಲಭಕ್ಕೆ ದಕ್ಕುವುದಿಲ್ಲ, ಕಾಗದದ ಮೇಲೆ ಅವನ ಮಾಲೀಕನೇ ಬೇರೆ. ಅದಕ್ಕೆ ನಾನು ಆ ಹುಡುಗನಿಗೆ ಹೇಳಿದ್ದು, ನೇಮಕಾತಿ ಪ್ರಕಟಣೆ ಬಂದಾಗ ಬಿಡದೆ ಅರ್ಜಿ ಹಾಕು, ವಯಸ್ಸಿನ ಮಿತಿ ದಾಟುವ ಮೊದಲು ಎಸ್‌ಎಸ್‌ಎಲ್‌ಸಿ ಪಾಸು ಮಾಡಿಕೊ ಎಂದು. ಅವನದು ಗಣಿತ ಒಂದೇ ಬಾಕಿ.

ಬಿದ್ದರೆ

ಇದನ್ನು ಬರೆಯಲು ಕೈ ಬರುವುದಿಲ್ಲ, ಆದರೆ ಸಂಬಳದ ಲೆಕ್ಕದಲ್ಲಿ ಇದೂ ಸೇರಿದೆ. ಕಂಬದ ಮೇಲೆ ಅನಾಹುತವಾದರೆ ಮನೆಯವರಿಗೆ ಏನು ಸಿಗುತ್ತದೆ ಎಂಬುದು ಆ ದಿನ ಅವನ ವೇತನ ಎಷ್ಟು, ಅವನ ಹೆಸರು ಎಲ್ಲಿ ನೋಂದಣಿಯಾಗಿತ್ತು ಎಂಬುದರ ಮೇಲೆ ನಿಂತಿದೆ.

ತಿಂಗಳಿಗೆ 21,000 ಮತ್ತು ಅದಕ್ಕಿಂತ ಕಡಿಮೆ ವೇತನದ, ಇಎಸ್‌ಐ ವ್ಯಾಪ್ತಿಯಲ್ಲಿರುವ ನೌಕರ ಕೆಲಸದಲ್ಲಿ ಸತ್ತರೆ ಅವಲಂಬಿತರಿಗೆ ಸರಾಸರಿ ದಿನಗೂಲಿಯ ಶೇ 90ರ ದರದಲ್ಲಿ ತಿಂಗಳು ತಿಂಗಳು ಪಿಂಚಣಿಯಾಗಿ ಬರುತ್ತದೆ. ಇದಕ್ಕೆ ಇಂತಿಷ್ಟು ವರ್ಷ ಸೇವೆಯಾಗಿರಬೇಕು ಎಂಬ ಷರತ್ತಿಲ್ಲ. ಇಎಸ್‌ಐ ಇಲ್ಲದಿದ್ದರೆ ನೌಕರರ ಪರಿಹಾರದ ಕಾನೂನು. ಅದರ ಸೂತ್ರ ತಿಂಗಳ ವೇತನದ ಅರ್ಧವನ್ನು ವಯಸ್ಸಿಗೆ ತಕ್ಕ ಒಂದು ಗುಣಕದಿಂದ ಗುಣಿಸುವುದು. 2020ರ ಜನವರಿಯ ಅಧಿಸೂಚನೆಯಂತೆ ವೇತನದ ಮಿತಿ 15,000. ಮೂವತ್ತು ವರ್ಷದವನಿಗೆ ಗುಣಕ 207.98. ಆದ್ದರಿಂದ 7,500ನ್ನು ಅದರಿಂದ ಗುಣಿಸಿದರೆ 15,59,850 ರೂಪಾಯಿ. ಪಿಎಫ್ ಸದಸ್ಯನಾಗಿದ್ದರೆ ಅದರ ಜೊತೆಗೇ ಇರುವ ವಿಮೆಯಿಂದ ಗರಿಷ್ಠ 7 ಲಕ್ಷದವರೆಗೆ ನಾಮಿನಿಗೆ ಸಿಗುತ್ತದೆ. ನಾಮಿನಿಯ ಹೆಸರು ಹಾಕದೆ ಬಿಟ್ಟವರು ಎಷ್ಟೋ ಮಂದಿ. ನಮ್ಮ ಜಗಲಿಯಲ್ಲಿ ಕೂತಿದ್ದ ಹುಡುಗನೂ ಹಾಕಿರಲಿಲ್ಲ. ಅಮ್ಮನ ಹೆಸರು, ಆಧಾರ್ ಸಂಖ್ಯೆ ಹಾಕಿ ಅವತ್ತೇ ತುಂಬಿಸಿದೆವು.

ಕೆಲಸ ಬಿಡುವಾಗ ಸಿಗುವ ಗ್ರಾಚ್ಯುಟಿಗೆ ಕಾನೂನಿನ ಲೆಕ್ಕ ಹೀಗೆ: ಕೊನೆಯ ವೇತನವನ್ನು 26ರಿಂದ ಭಾಗಿಸಿ, 15ರಿಂದ ಗುಣಿಸಿ, ಸೇವೆಯ ವರ್ಷಗಳಿಂದ ಗುಣಿಸಬೇಕು. ಸಾಮಾನ್ಯವಾಗಿ ಐದು ವರ್ಷದ ನಿರಂತರ ಸೇವೆ ಬೇಕು. ಹೊರಗುತ್ತಿಗೆಯವರು ಎಡವುವುದು ಇಲ್ಲೇ. ಕೆಲಸ ಅದೇ, ಕಂಬ ಅದೇ, ಸೆಕ್ಷನ್ ಆಫೀಸು ಅದೇ. ಏಜೆನ್ಸಿ ಮಾತ್ರ ಎರಡು ವರ್ಷಕ್ಕೊಮ್ಮೆ ಬದಲು. ಪ್ರತಿ ಸಲವೂ ಸೇವೆಯ ಲೆಕ್ಕ ಸೊನ್ನೆಯಿಂದ ಶುರುವಾದಂತೆ ಕಾಗದ ಹೇಳುತ್ತದೆ. ಹಾಗಾಗಿ ಪ್ರತಿ ಏಜೆನ್ಸಿಯ ಗುರುತಿನ ಚೀಟಿ, ಕೆಲಸದ ಆದೇಶ, ಹಾಜರಿಯ ನಕಲು ಏನು ಸಿಕ್ಕಿದರೂ ಎತ್ತಿಡಬೇಕು. ಎಲ್‌ಸಿ ಪುಸ್ತಕದಲ್ಲಿ ಹೆಸರು ಬಂದಿದ್ದರೆ ಅದರ ಫೋಟೋ ಕೂಡ.

ಕರೆಂಟಿನ ಹಾಗೆಯೇ ನೀರಿನ ಕೆಲಸದವರದೂ ಇದೇ ಕಥೆ. ಬೆಂಗಳೂರು ಜಲಮಂಡಳಿಯಲ್ಲಿ ಕಾಯಂ ಇರುವವರಿಗೆ ಶ್ರೇಣಿ ಉಂಟು. ಗ್ರಾಮ ಪಂಚಾಯಿತಿಯ ವಾಟರ್‌ಮ್ಯಾನ್, ನಮ್ಮ ಕಡೆ ಕೆಲವರು ಇನ್ನೂ ನೀರುಗಂಟಿ ಎನ್ನುವವನು, ಕನಿಷ್ಠ ವೇತನದ ಅಧಿಸೂಚನೆಯನ್ನೇ ನಂಬಿ ಬದುಕಬೇಕು. ಪಂಚಾಯಿತಿಯಲ್ಲಿ ಕಂದಾಯ, ನೀರಿನ ಕರ ಸರಿಯಾಗಿ ವಸೂಲಾಗದಿದ್ದರೆ ಅವನ ಸಂಬಳಕ್ಕೂ ಏಟು. ಅದರ ಲೆಕ್ಕವೇ ಒಂದು ಬೇರೆ ಬರಹ ಆದೀತು.

ಹುಡುಗನ ಜಮೆಯಾಗದ ಮೂರು ತಿಂಗಳ ಪಿಎಫ್‌ಗೆ ಏನು ಮಾಡಿದೆವು ಎಂದು ಹೇಳಿ ಮುಗಿಸುತ್ತೇನೆ. ಪತ್ರ ಬರೆದವಳು ನಾನು, ಹೀಗೆ ಹೀಗೆ ಬರಿ ಎಂದು ಹೇಳಿಕೊಟ್ಟವರು ಅಪ್ಪ. ಅದರಲ್ಲಿ ದೂರಿನ ಮಾತು ಬೇಡ, ವಿವರ ಮಾತ್ರ ಇರಲಿ ಎಂದರು. ಪತ್ರ ಏಜೆನ್ಸಿಗಲ್ಲ, ಕೆಲಸ ಮಾಡಿಸಿಕೊಂಡ ಕಚೇರಿಯ ಕಾರ್ಯನಿರ್ವಾಹಕ ಎಂಜಿನಿಯರಿಗೆ. ಪ್ರತಿಯನ್ನು ಪಿಎಫ್ ಪ್ರಾದೇಶಿಕ ಕಚೇರಿಗೆ. ಒಳಗೆ ಹೆಸರು, ಯುಎಎನ್, ಆಗ ಇದ್ದ ಏಜೆನ್ಸಿ, ಜಮೆಯಾಗದ ಮೂರು ತಿಂಗಳ ಹೆಸರು, ಆ ಮೂರು ತಿಂಗಳು ಬ್ಯಾಂಕಿಗೆ ಬಂದ ಮೊತ್ತ. ಜೊತೆಗೆ ಪಾಸ್‌ಬುಕ್ಕಿನ ಮತ್ತು ಬ್ಯಾಂಕ್ ಹೇಳಿಕೆಯ ನಕಲು. ಕೆಲಸ ಕಳೆದುಕೊಳ್ಳುವ ಹೆದರಿಕೆ ಹುಡುಗನ ಮುಖದಲ್ಲಿ ಕಾಣುತ್ತಿತ್ತು. ಹಿರಿಯರು, "ನಾನೂ ಬರ್ತೇನೆ, ಸೋಮವಾರ ಒಟ್ಟಿಗೇ ಹೋಗೋಣ" ಎಂದರು. ಎರಡು ಪ್ರತಿ ತಗೊಂಡು ಹೋಗಿ, ಒಂದನ್ನು ಟಪಾಲಿನಲ್ಲಿ ಕೊಟ್ಟು ಇನ್ನೊಂದರ ಮೇಲೆ ತಾರೀಖಿನ ಸಮೇತ ಮೊಹರು ಹಾಕಿಸಿಕೊಳ್ಳಿ ಎಂದು ಅಪ್ಪ ಎರಡು ಸಲ ಹೇಳಿದರು.